ಮಕ್ಕಳಾಗದಿದ್ದರೆ ಸೊಸೆಯನ್ನು ಮಾತ್ರ ಏಕೆ ಕೇಳುತ್ತೇವೆ?

 

ಹೆಬ್ಬೂರಿನಲ್ಲಿ ಜುಮಾ ದಿನ ಮಾಡಿದ ಬಯಾನಿನ ಸಾರಾಂಶವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ. ಮಿಂಬರಿನ ಮೇಲೆ ಎಲ್ಲವನ್ನೂ ಬಿಡಿಸಿ ಹೇಳುವುದು ಕಷ್ಟ. ಈ ವಿಷಯ ತಿಳಿಯಬೇಕಾದವರಲ್ಲಿ ಅರ್ಧ ಭಾಗ, ಅಂದರೆ ನಮ್ಮ ತಾಯಂದಿರು ಮತ್ತು ಸಹೋದರಿಯರು, ಆ ಹೊತ್ತಿನಲ್ಲಿ ಮಸೀದಿಯಲ್ಲಿ ಇರುವುದೂ ಇಲ್ಲ. ಆದ್ದರಿಂದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದಬೇಕೆಂದು ಕೋರುತ್ತೇವೆ.

ಮದುವೆಯಾಗಿ ಎರಡು ವರ್ಷ ಕಳೆಯಿತು, ಮಕ್ಕಳಾಗಲಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅತ್ತೆ ಸೊಸೆಯನ್ನು ಕರೆದುಕೊಂಡು ಹೊರಡುತ್ತಾರೆ. ಮೊದಲು ಮಸೀದಿಗೆ, ‘ಹಜ್ರತ್, ಒಂದು ತಾವೀಜ್ ಕೊಡಿ’ ಎಂದು. ನಂತರ ದರ್ಗಾಕ್ಕೆ, ನಾಟಿ ಔಷಧಿ ಕೊಡುವವರ ಬಳಿಗೆ, ಕೊನೆಗೆ ಲೇಡಿ ಡಾಕ್ಟರ್ ಹತ್ತಿರ. ಈ ಎಲ್ಲ ಓಡಾಟದಲ್ಲಿ ಸೊಸೆ ಇರುತ್ತಾಳೆ, ಮಗ ಇರುವುದಿಲ್ಲ. ‘ಮಗನ ಪರೀಕ್ಷೆ ಆಗಿದೆಯಾ?’ ಎಂದು ನಾವು ಕೇಳಿದರೆ, ‘ಅವನಿಗೇನಾಗಿದೆ ಹಜ್ರತ್, ಗಟ್ಟಿಮುಟ್ಟಾಗಿದ್ದಾನೆ’ ಎಂಬ ಉತ್ತರ ಬರುತ್ತದೆ. ಈ ಒಂದು ಉತ್ತರದಿಂದ ಎಷ್ಟೋ ಹೆಣ್ಣುಮಕ್ಕಳು ತವರಿಗೆ ಹಿಂತಿರುಗಿದ್ದಾರೆ. ಎಷ್ಟೋ ಮನೆಗಳಲ್ಲಿ ಎರಡನೇ ಮದುವೆಯ ಮಾತು ಎದ್ದಿದೆ.

ಕುರ್‌ಆನ್ ಏನು ಕಲಿಸುತ್ತದೆ?

ಸೂರಃ ಅಶ್ಶೂರಾದ 49 ಮತ್ತು 50ನೇ ಆಯತುಗಳ ಭಾವವನ್ನು ಗಮನಿಸಿ. ಅಲ್ಲಾಹನು ತಾನಿಚ್ಛಿಸಿದವರಿಗೆ ಹೆಣ್ಣುಮಕ್ಕಳನ್ನು, ತಾನಿಚ್ಛಿಸಿದವರಿಗೆ ಗಂಡುಮಕ್ಕಳನ್ನು, ಕೆಲವರಿಗೆ ಎರಡನ್ನೂ ಕೊಡುತ್ತಾನೆ. ಕೆಲವರನ್ನು ಸಂತಾನವಿಲ್ಲದವರಾಗಿ ಇರಿಸುತ್ತಾನೆ. ಸಂತಾನವಿಲ್ಲದವರು ಎಂದಾಗ ಅಲ್ಲಿ ಹೆಂಗಸರು ಮಾತ್ರ ಎಂದು ಹೇಳಿಲ್ಲ. ಗಂಡಸರೂ ಆ ಮಾತಿನೊಳಗೆ ಇದ್ದಾರೆ.

ಹಜ್ರತ್ ಝಕರಿಯ್ಯಾ(ಅ) ಮುದಿವಯಸ್ಸಿನಲ್ಲಿ ಮಗುವಿಗಾಗಿ ದುಆ ಮಾಡಿದ ಘಟನೆ ಸೂರಃ ಮರ್ಯಮಿನ ಆರಂಭದಲ್ಲಿದೆ. ಆ ದುಆದ ಕ್ರಮ ನೋಡಿ. ಮೊದಲು ತನ್ನ ಎಲುಬುಗಳು ಸವೆದಿವೆ, ತನ್ನ ತಲೆ ನರೆತಿದೆ ಎಂದು ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತಾರೆ. ಪತ್ನಿಯ ಸ್ಥಿತಿಯ ಮಾತು ಆಮೇಲೆ ಬರುತ್ತದೆ. ಒಬ್ಬ ಪ್ರವಾದಿಯೇ ತನ್ನ ದೇಹದ ದೌರ್ಬಲ್ಯವನ್ನು ಮೊದಲು ಮುಂದಿಟ್ಟಿರುವಾಗ ನಮ್ಮ ಯುವಕರು ಒಂದು ಲ್ಯಾಬ್ ಪರೀಕ್ಷೆಗೆ ನಾಚುವುದು ಸರಿಯೇ?

ಹಾರ್ಮೋನ್ ಎಂದರೇನು?

ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳಿವೆ. ಅವು ರಕ್ತದೊಳಗೆ ಬಹಳ ಅಲ್ಪ ಪ್ರಮಾಣದ ರಸಗಳನ್ನು ಬಿಡುತ್ತವೆ. ಆ ರಸಗಳಿಗೆ ಹಾರ್ಮೋನ್ ಎನ್ನುತ್ತಾರೆ. ಒಂದು ಅಂಗದ ಆದೇಶವನ್ನು ಇನ್ನೊಂದು ಅಂಗಕ್ಕೆ ತಲುಪಿಸುವುದು ಅವುಗಳ ಕೆಲಸ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಇರುವ ಪಿಟ್ಯುಟರಿ ಗ್ರಂಥಿ ಹೆಂಗಸರ ಅಂಡಾಶಯಕ್ಕೂ ಗಂಡಸರ ವೃಷಣಕ್ಕೂ ಆದೇಶ ಕಳಿಸುತ್ತದೆ. ಇಬ್ಬರಿಗೂ ಹೋಗುವ ಆ ಹಾರ್ಮೋನ್‌ಗಳು ಒಂದೇ. ಹೆಂಗಸರಲ್ಲಿ ಅದರಿಂದ ತಿಂಗಳಿಗೊಮ್ಮೆ ಅಂಡಾಣು ಬಲಿತು ಹೊರಬರುತ್ತದೆ. ಗಂಡಸರಲ್ಲಿ ವೀರ್ಯಾಣು ತಯಾರಾಗುತ್ತದೆ. ಈ ಆದೇಶ ಎಲ್ಲಿ ತಪ್ಪಿದರೂ ಗರ್ಭ ನಿಲ್ಲುವುದು ತಡವಾಗುತ್ತದೆ.

ಗಂಡ ಹೆಂಡತಿ ಒಂದು ವರ್ಷ ಒಟ್ಟಿಗಿದ್ದು, ಯಾವ ತಡೆಯನ್ನೂ ಬಳಸದೆ, ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ಬಂಜೆತನ ಎಂದು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು ಆರು ಮಂದಿಗೆ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಇದನ್ನು ಎದುರಿಸುತ್ತಾರೆ. ಅಂದರೆ ನಮ್ಮ ಪ್ರತಿ ಮೊಹಲ್ಲಾದಲ್ಲೂ ಇಂತಹ ಮನೆಗಳಿವೆ. ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೇಹದ ತೊಂದರೆ ಒಂಟಿಯಾಗಿಯೋ ಹೆಂಡತಿಯ ತೊಂದರೆಯ ಜೊತೆಗೋ ಇರುತ್ತದೆ. ಹೀಗಿರುವಾಗ ಹೆಂಡತಿಯೊಬ್ಬಳನ್ನೇ ಪರೀಕ್ಷಿಸುವುದು ಅರ್ಧ ಲೆಕ್ಕ ಬರೆದು ಪುಸ್ತಕ ಮುಚ್ಚಿದಂತೆ.

ಸಹೋದರಿಯರಲ್ಲಿ ಕಾಣುವ ತೊಂದರೆಗಳು

ಮೊದಲನೆಯದು ಪಿಸಿಒಡಿ ಎಂದು ಎಲ್ಲರ ಬಾಯಲ್ಲಿ ಇರುವ ಕಾಯಿಲೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತರಿಂದ ಹದಿಮೂರು ಮಂದಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅನೇಕರಿಗೆ ತಮಗಿದೆ ಎಂಬುದೇ ಗೊತ್ತಿರುವುದಿಲ್ಲ. ಅಂಡಾಣುಗಳು ಪೂರ್ತಿ ಬಲಿಯದೆ ಅಂಡಾಶಯದಲ್ಲೇ ಉಳಿಯುತ್ತವೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಮುಖದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪು ಪಟ್ಟಿ, ಹೊಟ್ಟೆಯ ಸುತ್ತ ತೂಕ ಇವು ಇದರ ಗುರುತುಗಳು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಇದರ ಜೊತೆಗಿರುವ ಒಂದು ಮುಖ್ಯ ಕಾರಣ. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿಸಿದರೂ, ಅಂದರೆ ಎಂಬತ್ತು ಕಿಲೋ ಇರುವವರು ನಾಲ್ಕರಿಂದ ಎಂಟು ಕಿಲೋ ಇಳಿಸಿದರೆ, ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಅದೂ ಸಾಲದಿದ್ದರೆ ಅಂಡಾಣು ಬಲಿಯುವಂತೆ ಮಾಡುವ ಮಾತ್ರೆಗಳಿವೆ. ಪಿಸಿಒಡಿ ಇದ್ದ ಮಾತ್ರಕ್ಕೆ ಮಕ್ಕಳೇ ಆಗುವುದಿಲ್ಲ ಎನ್ನುವುದು ಸುಳ್ಳು.

ಎರಡನೆಯದು ಥೈರಾಯ್ಡ್. ಕತ್ತಿನ ಮುಂಭಾಗದಲ್ಲಿರುವ ಈ ಗ್ರಂಥಿ ನಿಧಾನವಾದರೆ ಸುಸ್ತು, ತೂಕ ಏರುವುದು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಕಾಣುತ್ತದೆ. ಗರ್ಭ ನಿಂತರೂ ಇಳಿದುಹೋಗುವ ಅಪಾಯವಿದೆ. ಒಂದು ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ. ರಮಝಾನಿನಲ್ಲಿ ಈ ಮಾತ್ರೆ ನಿಲ್ಲಿಸಬೇಡಿ. ಸೆಹರಿಗೆ ಮೊದಲು ಅಥವಾ ರಾತ್ರಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ.

ಮೂರನೆಯದು ಪ್ರೊಲ್ಯಾಕ್ಟಿನ್. ಇದು ಎದೆಹಾಲಿಗೆ ಬೇಕಾದ ಹಾರ್ಮೋನ್. ಮಗುವಿಲ್ಲದಿದ್ದರೂ ಇದು ಹೆಚ್ಚಾದರೆ ಮುಟ್ಟು ನಿಲ್ಲುತ್ತದೆ, ಎದೆಯಿಂದ ಹಾಲಿನಂತಹ ನೀರು ಬರಬಹುದು. ಇದನ್ನು ಕಂಡು ಜಿನ್ನಿನ ಕಾಟ ಎಂದುಕೊಳ್ಳುವವರಿದ್ದಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಕಾರಣ ತಿಳಿಯುತ್ತದೆ.

ಹಾರ್ಮೋನ್ ಎಲ್ಲ ಸರಿಯಿದ್ದೂ ಗರ್ಭನಾಳ ಮುಚ್ಚಿಕೊಂಡಿದ್ದರೆ ಮಗು ಆಗುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಒಂದು ಕಾರಣ ಕ್ಷಯ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂದುಕೊಂಡಿದ್ದೇವೆ. ಅದು ಗರ್ಭಕೋಶಕ್ಕೂ ನಾಳಕ್ಕೂ ಸದ್ದಿಲ್ಲದೆ ಬರುತ್ತದೆ. ಕ್ಷಯದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ.

ಹೈಜ್‌ನ ಲೆಕ್ಕ ನಿಮ್ಮ ಬಳಿಯೇ ಇದೆ

ಸಹೋದರಿಯರೇ, ನಮಾಝ್ ಯಾವಾಗ ಬಿಡಬೇಕು, ಗುಸ್ಲ್ ಯಾವಾಗ ಮಾಡಬೇಕು, ರಮಝಾನಿನ ಎಷ್ಟು ರೋಝಾ ಕಝಾ ಆಯಿತು ಎಂಬ ಲೆಕ್ಕವನ್ನು ನೀವು ಹೇಗೂ ಇಡುತ್ತೀರಿ. ಇದೇ ಲೆಕ್ಕ ವೈದ್ಯರು ಮೊದಲು ಕೇಳುವ ಪ್ರಶ್ನೆಗೆ ಉತ್ತರ. ಹನಫಿ ಮಸ್‌ಲಕ್‌ನಲ್ಲಿ ಹೈಜ್ ಕನಿಷ್ಠ ಮೂರು ದಿನ, ಗರಿಷ್ಠ ಹತ್ತು ದಿನ. ಅದಕ್ಕಿಂತ ಹೆಚ್ಚು ದಿನ ಹೋಗುವ ರಕ್ತ ಇಸ್ತಿಹಾಝಾ. ಫಿಕ್ಹ್‌ನಲ್ಲಿ ಇದರ ಹುಕುಮ್ ಬೇರೆ, ನಮಾಝ್ ಬಿಡುವಂತಿಲ್ಲ. ದೇಹದ ದೃಷ್ಟಿಯಲ್ಲೂ ಇದು ವೈದ್ಯರಿಗೆ ತೋರಿಸಬೇಕಾದ ಸಂಗತಿ. ಇಡೀ ರಮಝಾನಿನಲ್ಲಿ ಒಂದು ರೋಝಾವೂ ತಪ್ಪಲಿಲ್ಲ ಎಂದು ಮದುವೆಯ ವಯಸ್ಸಿನ ಮಗಳು ವರ್ಷವರ್ಷವೂ ಹೇಳಿದರೆ ತಾಯಿ ಸಂತೋಷಪಡುವ ಮೊದಲು ಮುಟ್ಟು ಆಗುತ್ತಿದೆಯೇ ಎಂದು ವಿಚಾರಿಸಲಿ. ಮೊಬೈಲಿನಲ್ಲೋ ಕ್ಯಾಲೆಂಡರಿನಲ್ಲೋ ಆರು ತಿಂಗಳ ದಿನಾಂಕಗಳನ್ನು ಗುರುತು ಹಾಕಿಕೊಂಡು ಆಸ್ಪತ್ರೆಗೆ ಹೋಗಿ.

ಇದನ್ನು ಹೇಳಲು ನಾಚಿಕೆ ಎನ್ನುವವರಿಗೆ ಒಂದು ಮಾತು. ರಕ್ತ ನಿಲ್ಲದ ತೊಂದರೆಯಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿ(ಸ)ರ ಬಳಿ ಬಂದು ಕೇಳಿದರು. ಪ್ರವಾದಿ(ಸ)ರು ಅವರನ್ನು ಗದರಲಿಲ್ಲ. ಅದು ಹೈಜ್ ಅಲ್ಲ, ಒಂದು ನಾಳದ ರಕ್ತ ಎಂದು ಕಾರಣ ಬಿಡಿಸಿ ಹೇಳಿದರು. ಹಯಾ ಈಮಾನಿನ ಭಾಗ. ಆದರೆ ಕಾಯಿಲೆ ಮುಚ್ಚಿಡುವುದನ್ನು ಹಯಾ ಎನ್ನಲಾಗದು.

ಸಹೋದರರು ತಿಳಿಯಬೇಕಾದದ್ದು

‘ಗಟ್ಟಿಮುಟ್ಟಾಗಿದ್ದಾನೆ’ ಎಂಬ ಮಾತಿಗೆ ಈಗ ಬರೋಣ. ಮರ್ದಾನಗಿ ಬೇರೆ, ವೀರ್ಯಾಣುವಿನ ಸಂಖ್ಯೆ ಬೇರೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ತೆಂಗಿನಕಾಯಿ ಮೂಟೆ ಎತ್ತಿ ಲಾರಿಗೆ ಹಾಕುವ ಯುವಕನ ವೀರ್ಯದಲ್ಲೂ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ತಿಳಿಯುತ್ತದೆ. ಮೊದಲ ಮಗು ಇದೆ ಎಂಬುದೂ ಸಾಕ್ಷಿಯಲ್ಲ. ಒಂದು ಮಗುವಾದ ಮೇಲೆ ಗಂಡನಲ್ಲಾಗಲಿ ಹೆಂಡತಿಯಲ್ಲಾಗಲಿ ತೊಂದರೆ ಶುರುವಾಗುವುದುಂಟು.

ವೃಷಣದ ಸುತ್ತಲಿನ ರಕ್ತನಾಳ ಉಬ್ಬುವುದು, ದೊಡ್ಡವರಾದ ಮೇಲೆ ಬರುವ ಮಂಗನಬಾವು ವೃಷಣಕ್ಕೆ ಇಳಿಯುವುದು, ಸೋಂಕು, ಸಕ್ಕರೆ ಕಾಯಿಲೆ, ಹಾರ್ಮೋನ್ ಕೊರತೆ ಇವೆಲ್ಲ ಕಾರಣಗಳು. ವೃಷಣ ದೇಹದ ಒಳಗಿನ ಬಿಸಿಗಿಂತ ತುಸು ತಣ್ಣಗಿರಬೇಕು. ಅದಕ್ಕೇ ಅಲ್ಲಾಹನು ಅದನ್ನು ದೇಹದ ಹೊರಗಿಟ್ಟಿದ್ದಾನೆ. ಬೇಕರಿಯ ಭಟ್ಟಿಯ ಮುಂದೆ ದಿನವಿಡೀ ನಿಲ್ಲುವವರು, ಲಾರಿ ಎಂಜಿನ್ನಿನ ಬಿಸಿಯಲ್ಲಿ ಗಂಟೆಗಟ್ಟಲೆ ಕೂರುವವರು ಇದನ್ನು ವೈದ್ಯರಿಗೆ ಹೇಳಬೇಕು. ಸಿಗರೇಟು, ಬೀಡಿ, ತಂಬಾಕು ಹಾಕಿದ ಗುಟ್ಕಾ ವೀರ್ಯಾಣುವಿಗೆ ಹಾನಿ ಮಾಡುತ್ತವೆ.

ಜಿಮ್ಮಿಗೆ ಹೋಗುವ ಹುಡುಗರಿಗೆ ವಿಶೇಷವಾಗಿ ಹೇಳುತ್ತೇವೆ. ಮೈಕಟ್ಟಿಗಾಗಿ ಟೆಸ್ಟೋಸ್ಟೆರಾನ್ ಅಥವಾ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವವರಿದ್ದಾರೆ. ಹೊರಗಿನಿಂದ ಹಾರ್ಮೋನ್ ಬಂದಾಗ ಪಿಟ್ಯುಟರಿಯು ಇನ್ನು ಸಾಕು ಎಂದು ತನ್ನ ಆದೇಶ ನಿಲ್ಲಿಸುತ್ತದೆ. ವೃಷಣ ಕೆಲಸ ಬಿಡುತ್ತದೆ, ವೀರ್ಯಾಣು ಕುಸಿಯುತ್ತದೆ. ತೋಳು ದಪ್ಪವಾಗುತ್ತಿರುವಾಗಲೇ ತಂದೆಯಾಗುವ ಶಕ್ತಿ ಹೋಗುತ್ತಿರುತ್ತದೆ.

ಗಂಡಸರ ಪರೀಕ್ಷೆ ಸರಳ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ವೀರ್ಯದ ಮಾದರಿ ಕೊಡಬೇಕು, ಅದು ಒಂದು ಗಂಟೆಯೊಳಗೆ ಲ್ಯಾಬ್‌ಗೆ ತಲುಪಬೇಕು. ಸೂಜಿ ಇಲ್ಲ, ಆಪರೇಷನ್ ಇಲ್ಲ. ಹೆಂಗಸರ ನಾಳದ ಪರೀಕ್ಷೆಗೆ ಹೋಲಿಸಿದರೆ ನೋವೂ ಇಲ್ಲ, ಖರ್ಚೂ ಕಡಿಮೆ. ಮಾದರಿ ಕೊಡುವ ರೀತಿಯ ಬಗ್ಗೆ ಅನೇಕರು ಮೆಲುದನಿಯಲ್ಲಿ ಕೇಳುತ್ತಾರೆ. ಪತ್ನಿಯ ಮೂಲಕ ಪಡೆಯುವುದರಲ್ಲಿ ಯಾವ ಸಂಶಯವೂ ಇಲ್ಲ. ಅದು ಸಾಧ್ಯವಾಗದಿದ್ದರೆ ಚಿಕಿತ್ಸೆಯ ಅಗತ್ಯಕ್ಕೆ ಉಲಮಾಗಳು ಅವಕಾಶ ಕೊಟ್ಟಿದ್ದಾರೆ. ಮೊದಲ ರಿಪೋರ್ಟಿನಲ್ಲಿ ಕಡಿಮೆ ಬಂದರೆ ಎದೆಗುಂದಬೇಡಿ. ಒಂದು ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ತಂಬಾಕು ಬಿಟ್ಟು ಮೂರು ತಿಂಗಳ ನಂತರ ಮತ್ತೆ ನೋಡಿಸಿ.

ಯಾವಾಗ, ಎಲ್ಲಿಗೆ?

ಒಂದು ವರ್ಷ ಕಾದ ಮೇಲೆ ಇಬ್ಬರೂ ಹೋಗಿ. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ, ಏಕೆಂದರೆ ವಯಸ್ಸಾದಂತೆ ಅಂಡಾಣು ಕಡಿಮೆಯಾಗುತ್ತದೆ. ಮುಟ್ಟು ಸರಿಯಿಲ್ಲದಿದ್ದರೆ ಕಾಯಲೇಬೇಡಿ. ಗಂಡ ದುಬೈ, ಸೌದಿಯಲ್ಲಿದ್ದು ವರ್ಷಕ್ಕೊಮ್ಮೆ ಒಂದು ತಿಂಗಳು ಬಂದುಹೋಗುವ ಮನೆಗಳಲ್ಲಿ ಆ ದಿನಗಳನ್ನು ಒಂದು ವರ್ಷ ಎಂದು ಎಣಿಸಿ ಸೊಸೆಯನ್ನು ಹೀಗಳೆಯುವುದು ಅನ್ಯಾಯ.

ಮೊದಲು ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತಾಡಿ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಯ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು. ಇನ್ನೂ ದೊಡ್ಡ ಪರೀಕ್ಷೆ ಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರದ ವಾಣಿವಿಲಾಸ ಆಸ್ಪತ್ರೆ ಇದೆ. ಜಾಹೀರಾತು ನೋಡಿ ನೇರವಾಗಿ ಲಕ್ಷಗಟ್ಟಲೆ ಕೇಳುವ ಕಡೆಗೆ ಓಡಬೇಡಿ, ಅದಕ್ಕಾಗಿ ಒಡವೆ ಅಡ ಇಡಬೇಡಿ. ಗಂಡನ ವೀರ್ಯ ಪರೀಕ್ಷೆ, ಹೆಂಡತಿಯ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಪರೀಕ್ಷೆ, ಒಂದು ಸ್ಕ್ಯಾನಿಂಗ್ ಇಷ್ಟು ಆದರೆ ಅನೇಕರಿಗೆ ದಾರಿ ಕಾಣುತ್ತದೆ. ಲೇಡಿ ಡಾಕ್ಟರ್ ಸಿಗುವಾಗ ಅವರಲ್ಲಿಗೇ ಹೋಗಿ. ಸಿಗದಿದ್ದರೆ ಗಂಡ ಜೊತೆಗಿದ್ದು, ಅಗತ್ಯವಿರುವಷ್ಟು ಪರೀಕ್ಷೆಗೆ ಶರೀಅತ್ ಅಡ್ಡಿಯಾಗುವುದಿಲ್ಲ.

ಚಿಕಿತ್ಸೆ ಮಾಡಿಸುವುದು ತವಕ್ಕುಲ್‌ಗೆ ವಿರುದ್ಧವೇ? ಚಿಕಿತ್ಸೆ ಮಾಡಿಸಬಹುದೇ ಎಂದು ಹಳ್ಳಿಗಾಡಿನ ಅರಬರು ಕೇಳಿದಾಗ, ಮಾಡಿಸಿ, ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ)ರು ಕೊಟ್ಟರು. ಉಸಾಮಾ ಬಿನ್ ಶರೀಕ್(ರ) ಇದನ್ನು ವರದಿ ಮಾಡಿದ್ದಾರೆ. ದುಆ ಮಾಡಿ, ಇಸ್ತಿಗ್ಫಾರ್ ಹೆಚ್ಚಿಸಿ, ಸದಕಾ ಕೊಡಿ, ಜೊತೆಗೆ ಪರೀಕ್ಷೆಯನ್ನೂ ಮಾಡಿಸಿ. ಆದರೆ ಏನು ಬೆರೆಸಿದ್ದಾರೆಂದು ಕೊಡುವವನೇ ಹೇಳದ ಪುಡಿಯನ್ನು ನುಂಗಬೇಡಿ. ಪರದೆಯ ಹಿಂದೆ ಒಬ್ಬಳನ್ನೇ ಕಳಿಸಿ ಎನ್ನುವ ‘ಬಾಬಾ’ನ ಬಳಿಗೆ ಯಾವ ಹೆಣ್ಣನ್ನೂ ಕಳಿಸಬೇಡಿ.

ಟೆಸ್ಟ್ ಟ್ಯೂಬ್ ಚಿಕಿತ್ಸೆಯ ಹುಕುಮ್

1978ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಮೊದಲ ಮಗು ಹುಟ್ಟಿತು. ಅದೇ ವರ್ಷ ಕೋಲ್ಕತ್ತಾದ ವೈದ್ಯ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ನಮ್ಮ ದೇಶದಲ್ಲೂ ಹುಟ್ಟಿತು. ಅಂದಿನಿಂದ ಉಲಮಾಗಳ ಮುಂದೆ ಈ ಪ್ರಶ್ನೆ ಬಂದಿದೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನ್ ಅಧಿವೇಶನದಲ್ಲಿ ಇದನ್ನು ಚರ್ಚಿಸಿತು. ನಿಕಾಹ್‌ನಲ್ಲಿರುವ ಗಂಡನ ವೀರ್ಯ, ಹೆಂಡತಿಯ ಅಂಡಾಣು, ಅದೇ ಹೆಂಡತಿಯ ಗರ್ಭ ಇದ್ದರೆ ಅಗತ್ಯದ ಸಂದರ್ಭದಲ್ಲಿ, ಪೂರ್ಣ ಎಚ್ಚರಿಕೆಯೊಂದಿಗೆ ಅಡ್ಡಿಯಿಲ್ಲ ಎಂದು ತೀರ್ಮಾನಿಸಿತು. ಮೂರನೆಯವರ ವೀರ್ಯ, ಅಂಡಾಣು ಅಥವಾ ಬಾಡಿಗೆ ಗರ್ಭ ಬಂದರೆ ಅದು ಹರಾಮ್. ಏಕೆಂದರೆ ಮಗುವಿನ ನಸಬ್ ಕೆಡುತ್ತದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ 2021ರ ಕಾನೂನಿನ ಪ್ರಕಾರ ಇಂತಹ ಕ್ಲಿನಿಕ್ ನೋಂದಣಿಯಾಗಿರಲೇಬೇಕು. ಅದೇ ಕಾನೂನು ದಾನಿಯ ವೀರ್ಯ ಮತ್ತು ಅಂಡಾಣುವಿಗೂ ಅವಕಾಶ ಕೊಡುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ, ‘ನಮ್ಮಿಬ್ಬರದ್ದು ಮಾತ್ರ’ ಎಂದು ಸ್ಪಷ್ಟವಾಗಿ ಬರೆಸಿ. ನಿಮ್ಮ ಸ್ಥಿತಿಗೆ ತಕ್ಕ ಹುಕುಮ್ ಅನ್ನು ನಂಬಿಕೆಯ ಮುಫ್ತಿಯವರಲ್ಲಿ ಕೇಳಿಕೊಳ್ಳಿ.

ಮನೆಯವರ ಜವಾಬ್ದಾರಿ

ಹೆಚ್ಚು ಮಕ್ಕಳನ್ನು ಹೆರುವ ಹೆಣ್ಣನ್ನು ಮದುವೆಯಾಗಲು ಪ್ರೋತ್ಸಾಹಿಸುವ ಹದೀಸ್ ಅನ್ನು ಕೆಲವರು ಸೊಸೆಯ ಮುಂದೆ ಆಯುಧದಂತೆ ಬಳಸುತ್ತಾರೆ. ಅದು ಮದುವೆಗೆ ಮುಂಚಿನ ಆಯ್ಕೆಯ ಬಗೆಗಿನ ಮಾತು. ಮನೆಗೆ ಬಂದವಳನ್ನು ನೋಯಿಸಲು ಅದರಲ್ಲಿ ಅನುಮತಿಯಿಲ್ಲ. ಪ್ರವಾದಿ(ಸ)ರ ಮನೆಯನ್ನೇ ನೋಡಿ. ಹಜ್ರತ್ ಆಯಿಷಾ(ರ)ರಿಗೆ ಮಕ್ಕಳಿರಲಿಲ್ಲ. ಅದಕ್ಕಾಗಿ ಅವರ ಗೌರವಕ್ಕೆ ಕಿಂಚಿತ್ತೂ ಕುಂದು ಬರಲಿಲ್ಲ. ಗೆಳತಿಯರಿಗೆಲ್ಲ ಮಕ್ಕಳ ಹೆಸರಿನ ಕುನಿಯತ್ ಇದೆ, ತನಗಿಲ್ಲ ಎಂದು ಅವರು ಹೇಳಿಕೊಂಡಾಗ, ಅಕ್ಕ ಅಸ್ಮಾ(ರ)ರ ಮಗ ಅಬ್ದುಲ್ಲಾರ ಹೆಸರಿನಿಂದ ಉಮ್ಮು ಅಬ್ದಿಲ್ಲಾಹ್ ಎಂದು ಕರೆದುಕೊಳ್ಳಲು ಪ್ರವಾದಿ(ಸ)ರು ಹೇಳಿದರು. ನೊಂದ ಪತ್ನಿಯ ಮನಸ್ಸಿಗೆ ಗಂಡ ಹೀಗೆ ಆಸರೆಯಾಗಬೇಕು. ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ಅವರಿಂದ ಉಮ್ಮತ್‌ಗೆ ತಲುಪಿವೆ.

ಗಂಡು ಸಂತಾನ ಉಳಿಯಲಿಲ್ಲವೆಂದು ಮಕ್ಕಾದ ವೈರಿಗಳು ಪ್ರವಾದಿ(ಸ)ರನ್ನೇ ‘ಅಬ್ತರ್’, ಅಂದರೆ ಬೇರು ಕಡಿದವರು ಎಂದು ಹೀಯಾಳಿಸಿದರು. ಆ ಮಾತಿಗೆ ಅಲ್ಲಾಹನ ಉತ್ತರ ಸೂರಃ ಅಲ್ ಕೌಸರ್‌ನಲ್ಲಿದೆ. ಇಂದು ‘ಬಾಂಝ್’, ‘ಬಂಜೆ’ ಎಂದು ಹಂಗಿಸುವ ನಾಲಿಗೆ ಯಾರ ಸಾಲಿನಲ್ಲಿ ನಿಲ್ಲುತ್ತಿದೆ ಎಂದು ಯೋಚಿಸಿ.

ನಮ್ಮ ಜಮಾಅತ್‌ಗಳ ಹಿರಿಯರಿಗೂ ಮುತವಲ್ಲಿಗಳಿಗೂ ಒಂದು ವಿನಂತಿ. ಮಕ್ಕಳಾಗಿಲ್ಲ ಎಂಬ ಕಾರಣ ಮುಂದಿಟ್ಟು ತಲಾಖ್ ಅಥವಾ ಎರಡನೇ ಮದುವೆಯ ವಿಚಾರ ಬಂದಾಗ ಮೊದಲು ಇಬ್ಬರ ರಿಪೋರ್ಟ್ ಕೇಳಿ. ಗಂಡನ ರಿಪೋರ್ಟ್ ಇಲ್ಲದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ತೊಂದರೆ ಗಂಡನಲ್ಲಿದ್ದರೆ ಎರಡನೇ ಮದುವೆಯಿಂದ ಇನ್ನೊಂದು ಹೆಣ್ಣಿನ ಬದುಕೂ ಅದೇ ಹಂಗಿನ ಮಾತಿಗೆ ಸಿಲುಕುತ್ತದೆ. ರಿಪೋರ್ಟಿನಲ್ಲಿ ಯಾರದ್ದೇ ತೊಂದರೆ ಕಂಡರೂ ಅದು ಗಂಡ ಹೆಂಡತಿಯ ಅಮಾನತ್. ಅದನ್ನು ಬೀದಿಯಲ್ಲಿ ಮಾತಾಡಬಾರದು.

ಆದರೂ ಮಗುವಾಗದಿದ್ದರೆ?

ಎಲ್ಲ ಪ್ರಯತ್ನದ ನಂತರವೂ ಕೆಲವರಿಗೆ ಮಗುವಾಗುವುದಿಲ್ಲ. ಆಗ ಸಬ್ರ್ ಮತ್ತು ಅಲ್ಲಾಹನ ತೀರ್ಮಾನದಲ್ಲಿ ತೃಪ್ತಿ. ನಮ್ಮ ಗುಬ್ಬಿಯಲ್ಲೇ ಹುಟ್ಟಿದ ಸಾಲುಮರದ ತಿಮ್ಮಕ್ಕ ಅವರನ್ನು ಎಲ್ಲರೂ ಬಲ್ಲರು. ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಮದುವೆಯಾಗಿ ಹೋದ ಅವರಿಗೆ ಮಕ್ಕಳಾಗಲಿಲ್ಲ. ಊರಿನ ಮಾತುಗಳಿಂದ ಬಹಳ ನೊಂದರು. ಆದರೆ ಗಂಡ ಚಿಕ್ಕಯ್ಯ ಅವರನ್ನು ಕೈಬಿಡಲಿಲ್ಲ. ಇಬ್ಬರೂ ಸೇರಿ ಹುಲಿಕಲ್‌ನಿಂದ ಕುದೂರಿನ ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 385 ಆಲದ ಮರಗಳು ಎಂದು ಲೆಕ್ಕ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ರಾಜ್ಯವೇ ಮರುಗಿತು. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾರು ತಿಂದರೂ ಅದು ಅವನಿಗೆ ಸದಕಾ ಎಂದು ನಮಗೆ ಕಲಿಸಲಾಗಿದೆ. ನೆರಳು ಕೊಟ್ಟವರ ಬದುಕು ಖಾಲಿಯಾಗಿತ್ತು ಎಂದು ಯಾರು ಹೇಳಬಲ್ಲರು?

ನಮ್ಮ ಊರುಗಳಲ್ಲಿ ಯತೀಮ್ ಮಕ್ಕಳಿದ್ದಾರೆ. ಅವರನ್ನು ಸಾಕುವವರು ಜನ್ನತ್‌ನಲ್ಲಿ ತನ್ನ ಹತ್ತಿರ ಇರುತ್ತಾರೆಂದು ಪ್ರವಾದಿ(ಸ)ರು ಎರಡು ಬೆರಳುಗಳನ್ನು ತೋರಿಸಿ ತಿಳಿಸಿದ್ದಾರೆ. ಮಗುವಿನ ಸ್ವಂತ ತಂದೆಯ ಹೆಸರನ್ನು ಉಳಿಸಿ, ಮಹ್ರಮ್‌ನ ನಿಯಮಗಳನ್ನು ಪಾಲಿಸಿ ಸಾಕುವ ದಾರಿ ತೆರೆದೇ ಇದೆ.

ಈ ವಾರ ಒಂದು ಕೆಲಸ ಮಾಡೋಣ. ಮಗುವಿಗಾಗಿ ಕಾಯುತ್ತಿರುವ ಸೊಸೆಯಿರುವ ಮನೆಯಲ್ಲಿ ಮಗನೇ ಮುಂದಾಗಿ, ‘ನಡಿ, ಇಬ್ಬರೂ ಹೋಗಿಬರೋಣ’ ಎನ್ನಲಿ. ಅತ್ತೆ ‘ಹೋಗಿ ಬನ್ನಿ, ಅಲ್ಲಾಹ್ ಖೈರ್ ಮಾಡಲಿ’ ಎಂದು ಕಳಿಸಲಿ.

ಅಲ್ಲಾಹನು ಮಗುವಿಗಾಗಿ ಹಂಬಲಿಸುವ ಎಲ್ಲ ದಂಪತಿಗಳಿಗೆ ಸಾಲಿಹ್ ಸಂತಾನ ಕರುಣಿಸಲಿ, ಕಾಯಿಲೆಯಿರುವವರಿಗೆ ಶಿಫಾ ಕೊಡಲಿ, ನಮ್ಮ ಮನೆಗಳಲ್ಲಿ ನ್ಯಾಯವನ್ನೂ ಪ್ರೀತಿಯನ್ನೂ ಉಳಿಸಲಿ. ಆಮೀನ್.